ಇದ್ದಿರ್ ಪುಸ್ತಕದ ಒಂದು ಸಾಲು: ಇಥಿಯೋಪಿಯನ್ ವಲಸಿಗರ ಸೇವಾ ಸಂಸ್ಥೆಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಸುತ್ತಲಿನ ಉಪನಗರಗಳಲ್ಲೊಂದರಲ್ಲಿ. ಸಂಸ್ಥೆಯ ಹೆಸರು, ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಕುಟುಂಬಗಳ ಸಂಖ್ಯೆ, ಹಣದ ಮೊತ್ತ, ಕೆಲವು ತಿಂಗಳುಗಳನ್ನು ಗುರುತು ಹತ್ತದಷ್ಟು ಬದಲಿಸಿದ್ದೇನೆ. ಯಾವ ನಿರ್ಧಾರದ ನಂತರ ಯಾವ ನಿರ್ಧಾರ ಬಂತು ಎಂಬ ಕ್ರಮವನ್ನು ಮಾತ್ರ ಮುಟ್ಟಿಲ್ಲ. ಆ ಸಂಸ್ಥೆಯ ಲೆಕ್ಕಪತ್ರಗಳನ್ನು ಸರಿಪಡಿಸಲು ಹೋದ ಸ್ವಯಂಸೇವಕರಲ್ಲಿ ನಾನೂ ಒಬ್ಬನಾಗಿದ್ದೆ. ಹೀಗಾಗಿ ನಾನೇ ತಪ್ಪಾಗಿ ತಿಳಿದ ಒಂದು ಸಂಗತಿಯೂ ಈ ಕಥನದ ಭಾಗವಾಗಿದೆ.

ಹಿನ್ನೆಲೆ

ಅಮೆರಿಕದಲ್ಲಿ ಇಥಿಯೋಪಿಯನ್ನರು ಅತಿ ಹೆಚ್ಚು ಸಂಖ್ಯೆಯಲ್ಲಿ ನೆಲೆಸಿರುವುದು ವಾಷಿಂಗ್ಟನ್ ಸುತ್ತಮುತ್ತಲೇ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸಿದ ದೆರ್ಗ್ ಎಂಬ ಸೈನಿಕ ಆಡಳಿತದ ಹಿಂಸೆಗೆ ಹೆದರಿ ಲಕ್ಷಾಂತರ ಜನ ಸುಡಾನಿಗೆ ದಾಟಿದರು. 1980ರ ನಿರಾಶ್ರಿತರ ಕಾಯ್ದೆ ಅವರಲ್ಲಿ ಒಂದು ಪಾಲಿಗೆ ಅಮೆರಿಕದ ಬಾಗಿಲು ತೆರೆಯಿತು. 1990ರ ವಲಸೆ ಕಾಯ್ದೆಯಿಂದ ಹುಟ್ಟಿದ ಲಾಟರಿ ವೀಸಾ ಇನ್ನಷ್ಟು ಜನರನ್ನು ಕರೆತಂದಿತು. ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್, ವರ್ಜೀನಿಯಾದ ಅಲೆಕ್ಸಾಂಡ್ರಿಯಾಗಳಲ್ಲಿ ಇಂದು ಇಥಿಯೋಪಿಯಾದ ಅಂಹಾರಿಕ್ ಭಾಷೆಯ ಬೋರ್ಡುಗಳು, ಇಂಜೆರಾ ಎಂಬ ದೋಸೆಯಂಥ ರೊಟ್ಟಿ ಮಾರುವ ಅಂಗಡಿಗಳು ಸಾಲುಸಾಲಾಗಿ ಕಾಣಸಿಗುತ್ತವೆ.

ನಮ್ಮ ಪ್ರಕರಣದ ಸ್ಥಾಪಕರು ಸುಡಾನಿನ ಶಿಬಿರವೊಂದರಲ್ಲಿ ಕೆಲವು ವರ್ಷ ಕಳೆದು 1980ರ ದಶಕದಲ್ಲಿ ಬಂದವರು. ರಾತ್ರಿ ಪಾಳಿಯಲ್ಲಿ ಪಾರ್ಕಿಂಗ್ ಕಟ್ಟಡದ ಕೌಂಟರಿನಲ್ಲಿ ಕುಳಿತು, ಹಗಲು ಹೊತ್ತಿನಲ್ಲಿ ಊರಿನವರ ಸರ್ಕಾರಿ ಪತ್ರಗಳನ್ನು ಓದಿ ಹೇಳುತ್ತಿದ್ದರು. ಆ ಪತ್ರ ಓದುವ ಕೆಲಸವೇ 1990ರ ದಶಕದ ಕೊನೆಯಲ್ಲಿ ನೋಂದಾಯಿತ ಸಂಸ್ಥೆಯಾಯಿತು. ತೆರಿಗೆ ಕಾನೂನಿನ 501(ಸಿ)(3) ಕಲಮಿನಡಿ ದತ್ತಿ ಸಂಸ್ಥೆಯ ಮಾನ್ಯತೆಯೂ ಸಿಕ್ಕಿತು. ಎಲ್ಲರೂ ಅವರನ್ನು ‘ಗಾಶೆ’ ಎನ್ನುತ್ತಿದ್ದರು. ಹಿರಿಯ ಗಂಡಸರನ್ನು ಗೌರವದಿಂದ ಕರೆಯುವ ಪದವದು. ನಮ್ಮಲ್ಲಿ ‘ಅಣ್ಣಾವ್ರು’ ಎನ್ನುವಾಗ ಇರುವ ಸಲಿಗೆ ಮತ್ತು ಭಯ ಎರಡೂ ಅದರಲ್ಲಿವೆ.

ಎರಡು ದಶಕಗಳ ಕಾಲ ಸಂಸ್ಥೆ ಸಣ್ಣದಾಗಿಯೇ ಇತ್ತು. ಪೌರತ್ವ ಪರೀಕ್ಷೆಗೆ ವೃದ್ಧರನ್ನು ತಯಾರು ಮಾಡುವುದು, ಮಕ್ಕಳಿಗೆ ಅಂಹಾರಿಕ್ ಪಾಠ, ತೆರಿಗೆ ಫಾರಂ ತುಂಬಲು ಸಹಾಯ, ಅರೆಕಾಲಿಕ ನೌಕರರಿಬ್ಬರು, ವರ್ಷಕ್ಕೆ 90,000 ಡಾಲರಿನೊಳಗಿನ ಬಜೆಟ್. ಆಡಳಿತ ಮಂಡಳಿಯ ಏಳು ಮಂದಿಯೂ ಗಾಶೆಯವರ ಗೆಳೆಯರು ಅಥವಾ ನೆಂಟರು. ಮಂಡಳಿಯ ಅಧ್ಯಕ್ಷರೂ ಅವರೇ, ಸಂಬಳ ಪಡೆಯುವ ನಿರ್ದೇಶಕರೂ ಅವರೇ. ಸಭೆಗಳು ವರ್ಷಕ್ಕೆ ಮೂರೋ ನಾಲ್ಕೋ. ಕಾಫಿಯ ಮೂರು ಸುತ್ತು ಮುಗಿಯುವಷ್ಟರಲ್ಲಿ ವಿಷಯವೂ ಮುಗಿಯುತ್ತಿತ್ತು, ನಡಾವಳಿಯನ್ನು ಆಮೇಲೆ ಗಾಶೆಯವರೇ ಬರೆದುಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಇದು ಅವ್ಯವಸ್ಥೆ. ಒಳಗಿನವರಿಗೆ ಹಾಗೆ ಕಾಣುತ್ತಿರಲಿಲ್ಲ, ಏಕೆಂದರೆ ಗಾಶೆ ಯಾರ ಮನೆಯ ಫೋನ್ ಕರೆಯನ್ನೂ ತೆಗೆದುಕೊಳ್ಳದೆ ಬಿಟ್ಟವರಲ್ಲ.

ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಇನ್ನೊಂದು ಸಂಘ ಸೇರುತ್ತಿತ್ತು. ಅದರ ಹೆಸರು ಇದ್ದಿರ್. ಅದನ್ನು ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ಇದ್ದಿರ್ ಎಂದರೆ ಸಾವಿನ ಖರ್ಚಿಗಾಗಿ ನೆರೆಹೊರೆಯವರು ಕಟ್ಟಿಕೊಳ್ಳುವ ಸಂಘ. ಕಳೆದ ಶತಮಾನದಲ್ಲಿ ಅಡಿಸ್ ಅಬಾಬದಂಥ ನಗರಗಳಲ್ಲಿ ಬೇರೂರಿ, ವಲಸೆಯ ಜೊತೆ ಹಡಗು ವಿಮಾನ ಹತ್ತಿ ಹೊರಟ ಪದ್ಧತಿ. ಪ್ರತಿ ಕುಟುಂಬ ತಿಂಗಳಿಗಿಷ್ಟು ಎಂದು ಕಟ್ಟುತ್ತದೆ. ಸಾವಾದ ಮನೆಗೆ ಸತ್ತವರ ಸಂಬಂಧಕ್ಕೆ ತಕ್ಕಂತೆ ಮೊದಲೇ ಗೊತ್ತುಮಾಡಿದ ಮೊತ್ತ ತಲುಪುತ್ತದೆ. ಸದಸ್ಯರು ಹೋಗಿ ಕೂರಬೇಕು, ಅಡುಗೆ ಮಾಡಬೇಕು, ತಪ್ಪಿಸಿಕೊಂಡರೆ ದಂಡ. ಲಿಖಿತ ನಿಯಮಾವಳಿ, ಸದಸ್ಯರ ಪಟ್ಟಿ, ಚುನಾಯಿತ ಅಧ್ಯಕ್ಷ, ಖಜಾಂಚಿ ಎಲ್ಲವೂ ಇರುತ್ತವೆ. ನಮ್ಮ ಚೀಟಿ ವ್ಯವಹಾರವನ್ನು ಹೋಲುವ ಎಕುಬ್ ಎಂಬುದು ಬೇರೆಯೇ ಇದೆ. ಅಲ್ಲಿ ಸರದಿಯಂತೆ ಹಣ ಎತ್ತುತ್ತಾರೆ, ಅದರಿಂದ ವ್ಯಾಪಾರ ಮಾಡುತ್ತಾರೆ. ಈ ಇದ್ದಿರ್‌ನ ಹಣವನ್ನು ಸಾವಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟುವಂತಿರಲಿಲ್ಲ.

ಇಲ್ಲಿನ ಇದ್ದಿರ್‌ನಲ್ಲಿ 140 ಕುಟುಂಬಗಳಿದ್ದವು, ಆರ್ಥೊಡಾಕ್ಸ್ ಕ್ರೈಸ್ತರು, ಮುಸ್ಲಿಮರು, ಪೆಂಟೆಕೋಸ್ಟಲ್ ಪಂಥದವರು ಎಲ್ಲರೂ ಸೇರಿ. ತಿಂಗಳಿಗೆ ತಲಾ 25 ಡಾಲರ್. ಸದಸ್ಯರೇ ತೀರಿಕೊಂಡರೆ 48 ಗಂಟೆಯೊಳಗೆ 7,500 ಡಾಲರ್ ಮನೆಗೆ ತಲುಪಬೇಕು ಎಂಬುದು ನಿಯಮ. ಖಜಾಂಚಿ ಅರವತ್ತು ದಾಟಿದ ಮಹಿಳೆ. ಅಡಿಸ್ ಅಬಾಬದಲ್ಲಿ ಬ್ಯಾಂಕ್ ಗುಮಾಸ್ತೆಯಾಗಿ ಹದಿನೆಂಟು ವರ್ಷ ದುಡಿದವರು. ಅವರನ್ನು ‘ಎತಿಯೆ’ ಎಂದರೆ ಅಕ್ಕ ಎಂದು ಕರೆಯುತ್ತಿದ್ದರು.

ನೋಂದಣಿಯಾಗಲಿ ತೆರಿಗೆ ಸಂಖ್ಯೆಯಾಗಲಿ ಇಲ್ಲದ ಗುಂಪಿಗೆ ಬ್ಯಾಂಕು ಖಾತೆ ಕೊಡುವುದಿಲ್ಲ. ಅದಕ್ಕಾಗಿ ಇದ್ದಿರ್‌ನ ಹಣ ಎಷ್ಟೋ ವರ್ಷಗಳಿಂದ ಸಂಸ್ಥೆಯ ಖಾತೆಯಲ್ಲೇ ಕೂತಿತ್ತು. ಎತಿಯೆಯವರ ಕಿರ್ದಿ ಪುಸ್ತಕ ಒಂದು ಕಡೆ, ಬ್ಯಾಂಕ್ ಖಾತೆ ಇನ್ನೊಂದು ಕಡೆ. ಚೆಕ್‌ಗೆ ರುಜು ಹಾಕುವ ಅಧಿಕಾರ ಗಾಶೆಯವರದು.

ಸಮಸ್ಯೆ ಬೆಳೆದ ಬಗೆ

ಕೋವಿಡ್ ಬಂದಾಗ ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಆಡಳಿತಕ್ಕೆ ಇಂಥ ಸಂಸ್ಥೆಗಳ ಅಗತ್ಯ ದಿಢೀರನೆ ಗೊತ್ತಾಯಿತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಬಾಡಿಗೆ ನೆರವಿಗೆಂದು 2,500 ಕೋಟಿ ಡಾಲರ್ ಮಂಜೂರು ಮಾಡಿತ್ತು. ಆದರೆ ಟ್ಯಾಕ್ಸಿ ನಿಂತು ಬಾಡಿಗೆ ಕಟ್ಟಲಾಗದ ಕುಟುಂಬಗಳಿಗೆ ಆ ಅರ್ಜಿ ತುಂಬಿಸುವವರು ಬೇಕಿತ್ತು, ಅವರ ಭಾಷೆಯಲ್ಲಿ ಲಸಿಕೆಯ ಮಾತಾಡುವವರು ಬೇಕಿತ್ತು. ಒಂದೇ ವರ್ಷದಲ್ಲಿ ಸಂಸ್ಥೆಗೆ ಎರಡು ಗುತ್ತಿಗೆಗಳು ಬಂದವು, ಬಜೆಟ್ ಸುಮಾರು 6,00,000 ಡಾಲರ್ ಮುಟ್ಟಿತು, ನೌಕರರು ಒಂಬತ್ತಾದರು.

ಗುತ್ತಿಗೆಯ ಷರತ್ತನ್ನು ಗಾಶೆ ಓದಿರಲಿಲ್ಲವೆಂದಲ್ಲ, ಅದರ ಭಾರವನ್ನು ಅಂದಾಜು ಮಾಡಿರಲಿಲ್ಲ. ಅದು ಮರುಪಾವತಿ ಗುತ್ತಿಗೆ: ಸಂಸ್ಥೆ ಮೊದಲು ಖರ್ಚು ಮಾಡಬೇಕು, ರಸೀದಿಗಳ ಸಮೇತ ಬೇಡಿಕೆ ಸಲ್ಲಿಸಬೇಕು, ಆಮೇಲೆ ಕೌಂಟಿ ಕೊಡುತ್ತದೆ. ಆ ‘ಆಮೇಲೆ’ ಎಂಬುದು 75 ದಿನಗಳಷ್ಟಾಗುತ್ತಿತ್ತು. ಕೈಯಲ್ಲಿ ಉಳಿತಾಯವಿದ್ದ ದೊಡ್ಡ ಸಂಸ್ಥೆಗಳಿಗೆ ಇದು ಕಿರಿಕಿರಿ. ಉಳಿತಾಯವೇ ಇಲ್ಲದವರಿಗೆ ಉಸಿರುಗಟ್ಟುವ ವಿಷಯ. ಅದರ ಮೇಲೆ, ಕಚೇರಿ ಬಾಡಿಗೆ, ಲೆಕ್ಕಿಗನ ಶುಲ್ಕದಂಥ ಪರೋಕ್ಷ ವೆಚ್ಚಕ್ಕೆಂದು ಫೆಡರಲ್ ನಿಯಮ ಆಗ ಅನುಮತಿಸುತ್ತಿದ್ದ ಕನಿಷ್ಠ 10 ಪ್ರತಿಶತವನ್ನೂ ಇವರು ಕೇಳಿರಲಿಲ್ಲ. ಕೇಳಬಹುದೆಂದು ಗೊತ್ತಿರಲಿಲ್ಲ, ಕೌಂಟಿಯ ಕಡೆಯಿಂದ ಹೇಳಿದವರೂ ಇರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಸಂಬಳ ಕೊಡಬೇಕು. ಸಂಬಳದಿಂದ ಮುರಿದುಕೊಂಡ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದಿದ್ದರೆ ಜವಾಬ್ದಾರಿ ಹೊತ್ತ ವ್ಯಕ್ತಿಗಳ ಸ್ವಂತ ಆಸ್ತಿಯ ಮೇಲೆಯೇ ಬರುತ್ತದೆ, ದತ್ತಿ ಸಂಸ್ಥೆ ಎಂಬ ರಿಯಾಯಿತಿ ಅಲ್ಲಿಲ್ಲ. ಈ ಒತ್ತಡದಲ್ಲಿ 2021ರ ಮೇ ತಿಂಗಳಲ್ಲಿ ಗಾಶೆ ಖಾತೆಯಲ್ಲಿದ್ದ ಇದ್ದಿರ್ ಹಣದಿಂದ 11,000 ಡಾಲರ್ ಬಳಸಿ ಸಂಬಳ ಕೊಟ್ಟರು. ಐದು ವಾರದಲ್ಲಿ ಕೌಂಟಿಯ ಹಣ ಬಂತು, ಕುಳಿ ಮುಚ್ಚಿತು. ಆಗಸ್ಟಿನಲ್ಲಿ 19,000, ಅದೂ ಮರಳಿತು. ಅಕ್ಟೋಬರಿನಲ್ಲಿ 24,000, ಅದು ಮರಳುವ ಮೊದಲೇ ಡಿಸೆಂಬರ್ ಕೊನೆಯಲ್ಲಿ ಮತ್ತೆ 30,460. ಅವರ ಮನಸ್ಸಿನಲ್ಲಿ ಇದು ಕೈಗಡ. ಒಂದೇ ಜನರ ಹಣ, ಒಂದೇ ಜನರ ಕೆಲಸ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಒಂದು ಡಾಲರನ್ನೂ ಅವರು ಮನೆಗೆ ಒಯ್ಯಲಿಲ್ಲ ಎಂಬುದು ನಂತರ ಪ್ರತಿ ಚೆಕ್ಕನ್ನೂ ನೋಡಿದಾಗ ಖಚಿತವಾಯಿತು.

ಮಂಡಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ? ಇಬ್ಬರಿಗೆ ಅನುಮಾನವಿತ್ತು, ಕೇಳಲಿಲ್ಲ. ಅಂಹಾರಿಕ್ ಭಾಷೆಯಲ್ಲಿ ‘ಯಿಲುಂಞ್ತಾ’ ಎಂಬ ಮಾತಿದೆ. ಜನ ಏನೆಂದಾರು, ಎದುರಿಗಿದ್ದವರ ಮುಖ ಹೇಗೆ ಕೆಡಿಸಲಿ ಎಂಬ ಸಂಕೋಚಕ್ಕೆ ಅದು ಹೆಸರು. ಮುಂದೆ ಬಂದ ಇಂಗ್ಲಿಷ್ ಮಾತಿನ ಆಡಳಿತ ತರಬೇತುದಾರರಿಗೆ ಅದನ್ನು ವಿವರಿಸಲು ಮಂಡಳಿಯವರು ಪಡುತ್ತಿದ್ದ ಪಾಡನ್ನು ನೋಡಿದಾಗ, ಕನ್ನಡಿಗನಾದ ನನಗೆ ಒಂದೇ ಪದ ಸಾಕಾಗಿತ್ತು: ದಾಕ್ಷಿಣ್ಯ. ಇಲ್ಲಿನ ಕನ್ನಡ ಕೂಟಗಳ ಮಂಡಳಿಯಲ್ಲಿ ಕುಳಿತವರಿಗೆ ಹಿರಿಯರ ಲೆಕ್ಕವನ್ನು ಪ್ರಶ್ನಿಸುವ ಕಷ್ಟ ಗೊತ್ತು; ವ್ಯತ್ಯಾಸವೇನೆಂದರೆ ಕೂಟದ ಲೆಕ್ಕ ತಪ್ಪಿದರೆ ಯುಗಾದಿ ಊಟ ಸಪ್ಪೆಯಾಗುತ್ತದೆ, ಇಲ್ಲಿ ಒಂಬತ್ತು ಮನೆಗಳ ಸಂಬಳವಿತ್ತು.

ಇನ್ನೊಂದು ಕಾರಣವೂ ಇತ್ತು. 2020ರ ನವೆಂಬರಿನಲ್ಲಿ ಇಥಿಯೋಪಿಯಾದ ಉತ್ತರದ ಟಿಗ್ರಾಯ್‌ನಲ್ಲಿ ಯುದ್ಧ ಶುರುವಾಯಿತು. ಸಂಸ್ಥೆ ಹೇಳಿಕೆ ಕೊಡಬೇಕೇ, ಯಾರ ಪರವಾಗಿ, ಯಾವ ಪದಗಳಲ್ಲಿ ಎಂಬುದರ ಮೇಲೆ ಮಂಡಳಿ ಒಡೆಯಿತು. ಗಾಶೆ ಯಾವ ಹೇಳಿಕೆಯೂ ಬೇಡವೆಂದರು. ಆ ಮೌನವನ್ನೇ ಪಕ್ಷಪಾತವೆಂದು ಕಂಡ ಮೂವರು ರಾಜೀನಾಮೆ ಕೊಟ್ಟರು. 22 ಕುಟುಂಬಗಳು ಇದ್ದಿರ್ ಬಿಟ್ಟು ತಮ್ಮದೇ ಒಂದನ್ನು ಕಟ್ಟಿಕೊಂಡವು. ಆ ನಿರ್ಧಾರ ಸರಿಯೋ ತಪ್ಪೋ ಎಂದು ಹೇಳುವ ಅರ್ಹತೆ ನನಗಿಲ್ಲ. ಆಡಳಿತದ ದೃಷ್ಟಿಯಿಂದ ಆದ ನಷ್ಟವನ್ನಷ್ಟೇ ಹೇಳಬಲ್ಲೆ: ಹೊರಟುಹೋದ ಮೂವರಲ್ಲಿ ಇಬ್ಬರು, ಸಭೆಯಲ್ಲಿ ಲೆಕ್ಕ ಕೇಳುವ ಅಭ್ಯಾಸವಿದ್ದವರು.

ಮೊದಲ ಪ್ರಯತ್ನಗಳು

ಸಂಸ್ಥೆ ದೊಡ್ಡದಾಗುತ್ತಿದೆ, ಆಡಳಿತ ಹಳೆಯದೇ ಇದೆ ಎಂಬುದು ಹೊರಗಿನವರಿಗೂ ಕಾಣುತ್ತಿತ್ತು. ಒಂದು ಪ್ರತಿಷ್ಠಾನ 2021ರ ಬೇಸಿಗೆಯಲ್ಲಿ ತರಬೇತಿಯ ಖರ್ಚು ಭರಿಸಿತು. ಸಲಹೆಗಾರರು ಎರಡು ಶನಿವಾರ ಬಂದರು, ಮಂಡಳಿಯ ಕರ್ತವ್ಯಗಳ ಸ್ಲೈಡುಗಳನ್ನು ತೋರಿಸಿದರು, ನಲವತ್ತು ಪುಟಗಳ ನೀತಿ ಕೈಪಿಡಿ ಕೊಟ್ಟರು. 1,000 ಡಾಲರ್ ಮೀರಿದ ಚೆಕ್ಕಿಗೆ ಎರಡು ರುಜು ಇರಬೇಕೆಂಬ ನಿಯಮ ಅದರಲ್ಲಿತ್ತು. ಮಂಡಳಿ ಸರ್ವಾನುಮತದಿಂದ ಠರಾವು ಮಾಡಿತು. ಎರಡನೆಯ ರುಜು ಗಾಶೆಯವರ ಭಾವಮೈದುನರದು. ಅವರು ಟ್ಯಾಕ್ಸಿ ಓಡಿಸುವವರಾದ್ದರಿಂದ ಪದೇಪದೇ ಬರಲಾಗದೆಂದು ಇಡೀ ಚೆಕ್ ಪುಸ್ತಕಕ್ಕೆ ಒಮ್ಮೆಲೇ ರುಜು ಹಾಕಿಟ್ಟು ಹೋಗುತ್ತಿದ್ದರು. ಕೈಪಿಡಿ ಬೀರುವಿನಲ್ಲಿತ್ತು.

ಅದೇ ಪ್ರತಿಷ್ಠಾನದ ಸಲಹೆಯಂತೆ ಹೊರಗಿನ ಇಬ್ಬರನ್ನು, ಒಬ್ಬ ವಕೀಲೆ ಮತ್ತು ಒಬ್ಬ ಬ್ಯಾಂಕ್ ಅಧಿಕಾರಿಯನ್ನು, ಮಂಡಳಿಗೆ ಸೇರಿಸಿಕೊಂಡರು. ಅವರಿಗಾಗಿ ಸಭೆಯ ಭಾಷೆ ಇಂಗ್ಲಿಷಾಯಿತು, ಹಿರಿಯರು ಮಾತು ನಿಲ್ಲಿಸಿದರು. ಸಭೆಯಲ್ಲಿ ಒಪ್ಪಿಗೆ ಸಿಗುತ್ತಿತ್ತು, ಅದೇ ರಾತ್ರಿ ಫೋನಿನಲ್ಲಿ ಅಂಹಾರಿಕ್‌ನಲ್ಲಿ ಬೇರೊಂದು ತೀರ್ಮಾನವಾಗುತ್ತಿತ್ತು. ಮೂರು ಸಭೆಗಳ ನಂತರ ಇಬ್ಬರೂ ಸೌಜನ್ಯದಿಂದ ಬಿಟ್ಟು ಹೋದರು.

ಕಾನೂನಿನ ಕಡೆಯಿಂದಲೂ ಎಚ್ಚರಿಸುವವರು ಇರಲಿಲ್ಲ. ವರ್ಷಕ್ಕೆ 7,50,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಫೆಡರಲ್ ಹಣ ಖರ್ಚು ಮಾಡಿದವರಿಗೆ ಮಾತ್ರ ಆಗ ಕಡ್ಡಾಯ ಫೆಡರಲ್ ಲೆಕ್ಕಪರಿಶೋಧನೆ ಇತ್ತು; ಇವರು ಆ ಗೆರೆಯ ಕೆಳಗಿದ್ದರು. ಆದಾಯ 2,00,000 ದಾಟಿದ್ದರಿಂದ ತೆರಿಗೆ ಇಲಾಖೆಗೆ 990 ಎಂಬ ವಾರ್ಷಿಕ ವರದಿಯ ಪೂರ್ಣ ಫಾರಂ ಸಲ್ಲಿಸಬೇಕಾಯಿತು ಎಂಬುದೊಂದೇ ಬದಲಾವಣೆ. ಆ ಫಾರಂ ತುಂಬಲು ಸಹಾಯ ಕೇಳಿದಾಗಲೇ ನಮ್ಮ ಸ್ವಯಂಸೇವಕರ ತಂಡ ಹೋದದ್ದು.

ನನ್ನ ತಪ್ಪು ಇಲ್ಲಿ ಬರುತ್ತದೆ. ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಬರುತ್ತಿದ್ದ 25 ಡಾಲರುಗಳನ್ನು ಸಂಸ್ಥೆ ‘ದೇಣಿಗೆ’ ಎಂದು ತೋರಿಸುತ್ತ ಬಂದಿತ್ತು. ಇವು ಯಾವುವು ಎಂದು ಕೇಳಿದ್ದಕ್ಕೆ ಎತಿಯೆ ತಮ್ಮ ಕಿರ್ದಿ ಪುಸ್ತಕ ತಂದಿಟ್ಟರು. ನನಗೆ ಓದಲು ಬಂದದ್ದು ಅಂಕಿಗಳು ಮಾತ್ರ. ಕೊನೆಯ ಪುಟದಲ್ಲಿ 2014 ಎಂದಿತ್ತು. ಏಳು ವರ್ಷದಿಂದ ಯಾರೂ ಬರೆಯದ ಪುಸ್ತಕ ಎಂದು ತೀರ್ಮಾನಿಸಿ, ‘ಇದ್ದಿರ್‌ಗೆ ಪ್ರಸ್ತುತ ದಾಖಲೆಗಳಿಲ್ಲ, ಅದನ್ನು ಮುಚ್ಚುವುದು ಒಳಿತು’ ಎಂದು ವರದಿ ಬರೆದೆ. ಇಥಿಯೋಪಿಯಾದ ಪಂಚಾಂಗ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದಿದೆ, ಅಲ್ಲಿ ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ ಹುಟ್ಟುತ್ತದೆ, 2014 ಎಂದರೆ ಆಗ ನಡೆಯುತ್ತಿದ್ದ ವರ್ಷವೇ ಎಂದು ಎತಿಯೆ ನಗುತ್ತ ಹೇಳಿದ್ದು ಎರಡು ವಾರದ ನಂತರ. ಪುಸ್ತಕದಲ್ಲಿ ಹಿಂದಿನ ಸಂಜೆಯವರೆಗಿನ ಜಮೆ ಇತ್ತು. ಯುಗಾದಿಗೆ ವರ್ಷ ಎಣಿಸುವ ಊರಿನಿಂದ ಬಂದವನಿಗೆ ಈ ಅನುಮಾನ ತಾನಾಗಿಯೇ ಹುಟ್ಟಬೇಕಿತ್ತು.

ತಿರುವು

2022ರ ಜನವರಿ ಕೊನೆಯ ವಾರ ಇದ್ದಿರ್‌ನ ಸದಸ್ಯರೊಬ್ಬರು, ಐವತ್ತರ ಆಸುಪಾಸಿನವರು, ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹವನ್ನು ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಿಂದ ಸ್ವದೇಶಕ್ಕೆ ಕಳಿಸಬೇಕೆಂದು ಹೆಂಡತಿ ಕೇಳಿಕೊಂಡರು. ಎತಿಯೆಯವರ ಪುಸ್ತಕದ ಪ್ರಕಾರ ಇದ್ದಿರ್‌ನ ಶಿಲ್ಕು 57,600 ಡಾಲರ್. ಬ್ಯಾಂಕಿನಲ್ಲಿದ್ದದ್ದು 3,140.

ಮೊದಲ ರಾತ್ರಿ ಗಾಶೆ ಬ್ಯಾಂಕಿನಲ್ಲಿ ತೊಂದರೆಯಾಗಿದೆ ಎಂದರು. ಎರಡನೆಯ ದಿನ ತಮ್ಮ ಕ್ರೆಡಿಟ್ ಕಾರ್ಡಿನಿಂದ ಮತ್ತು ಇಬ್ಬರು ಗೆಳೆಯರಿಂದ 20,000 ಡಾಲರ್ ಹೊಂದಿಸಿಕೊಂಡು ಬಂದು ಎತಿಯೆಯವರ ಮುಂದೆ ಇಟ್ಟರು. ಅವರು ಅದನ್ನು ತೆಗೆದುಕೊಂಡಿದ್ದರೆ ಬಹುಶಃ ಈ ಪ್ರಕರಣವೇ ಇರುತ್ತಿರಲಿಲ್ಲ. ಕುಳಿ ಒಂದಷ್ಟು ಮುಚ್ಚುತ್ತಿತ್ತು, ಮಾರ್ಚಿನಲ್ಲಿ ಕೌಂಟಿಯ ಹಣ ಬಂದು ಪೂರ್ತಿ ಮುಚ್ಚುತ್ತಿತ್ತು, ಐದನೆಯ ಕೈಗಡ ಇನ್ನೂ ದೊಡ್ಡದಾಗುತ್ತಿತ್ತು.

“ಗಾಶೆ, ಇದನ್ನು ಯಾರ ಹೆಸರಿಗೆ ಜಮೆ ಮಾಡಲಿ?” ಎಂದು ಎತಿಯೆ ಕೇಳಿದರು.

“ಸುಮ್ಮನೆ ಶಿಲ್ಕಿಗೆ ಸೇರಿಸಿಬಿಡಿ.”

“ಶಿಲ್ಕು ಪುಸ್ತಕದಲ್ಲಿ ಸರಿಯಾಗಿಯೇ ಇದೆ. ಇಲ್ಲದ್ದು ಎಲ್ಲಿ ಹೋಯಿತೆಂದು ಬರೆಯದೆ ನಾನು ಇದನ್ನು ಮುಟ್ಟುವುದಿಲ್ಲ.”

ಅವರು ಮಾಡಿದ್ದು ಎರಡು ಕೆಲಸ. ಊರಿನ ಹಳೆಯ ಕ್ರಮದಂತೆ ನಾಲ್ವರು ಹೆಂಗಸರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಎರಡು ದಿನದಲ್ಲಿ 9,000 ಡಾಲರ್ ಕೂಡಿಸಿ ಸಾವಿನ ಮನೆಗೆ ತಲುಪಿಸಿದರು. ಆಮೇಲೆ ಕಿರ್ದಿಯಲ್ಲಿ, ತಿರ್ ತಿಂಗಳು 2014ರ ತಾರೀಖು ಹಾಕಿ, ಒಂದು ಸಾಲು ಬರೆದರು: ಸಂಸ್ಥೆಯಿಂದ ಬರಬೇಕಾದ ಬಾಕಿ 54,460.

ಈ ಸಾಲಿನ ಬೆಲೆ ನನಗೆ ತಡವಾಗಿ ಅರ್ಥವಾಯಿತು. ಅದುವರೆಗೆ ನಡೆದದ್ದಕ್ಕೆ ಹೆಸರಿರಲಿಲ್ಲ. ಕಳವು ಎನ್ನಲು ಯಾರಿಗೂ ಮನಸ್ಸಿರಲಿಲ್ಲ, ಅದು ನ್ಯಾಯವೂ ಆಗುತ್ತಿರಲಿಲ್ಲ. ಏನೂ ಆಗಿಲ್ಲ ಎನ್ನಲೂ ಬರುತ್ತಿರಲಿಲ್ಲ. ‘ಬರಬೇಕಾದ ಬಾಕಿ’ ಎಂದು ಬರೆದಾಗ ಸಾಲ ಕೊಟ್ಟವರೊಬ್ಬರು, ಸಾಲ ಪಡೆದವರೊಬ್ಬರು, ಒಂದು ಮೊತ್ತ ಕಣ್ಣಿಗೆ ಬಿದ್ದವು, ಮತ್ತು ಸಂಸ್ಥೆ ಬೇರೆ, ಇದ್ದಿರ್ ಬೇರೆ ಎಂಬುದು ಮೊದಲ ಬಾರಿಗೆ ಕಾಗದದ ಮೇಲೆ ಬಂತು. ನಲವತ್ತು ಪುಟಗಳ ಕೈಪಿಡಿ ಹೇಳಲು ಹೊರಟದ್ದೂ ಅದನ್ನೇ.

ಹಿರಿಯರ ಪಂಚಾಯಿತಿ ಮತ್ತು ಕೌಂಟಿಯ ಬಾಗಿಲು

ಸತ್ತವರ ನಲವತ್ತನೆಯ ದಿನದ ಕಾರ್ಯ ಮುಗಿಯುವ ತನಕ ಯಾರೂ ಬಹಿರಂಗವಾಗಿ ಮಾತಾಡಬಾರದೆಂದು ಒಪ್ಪಂದವಾಯಿತು. ಆ ನಲವತ್ತು ದಿನಗಳಲ್ಲಿ ಮೂವರು ಹಿರಿಯರು ‘ಶಿಮ್ಗಿಲಿನಾ’ ನಡೆಸಿದರು. ಜಗಳವಾದ ಎರಡು ಕಡೆಯವರ ನಡುವೆ ಊರ ಹಿರಿಯರು ಓಡಾಡಿ ಮಾತು ಕೂಡಿಸುವ ಪದ್ಧತಿಯದು. ನನಗೆ ಗೊತ್ತಿರುವ ಸಲಹೆಗಾರರೊಬ್ಬರು ಇದನ್ನು ಕೇಳಿ, ಹಣಕಾಸಿನ ವಿಷಯವನ್ನು ಇಂಥ ಖಾಸಗಿ ರಾಜಿಗೆ ಬಿಡುವುದು ಅಪಾಯವೆಂದರು. ಆ ಆತಂಕ ಪೂರ್ತಿ ಸುಳ್ಳಲ್ಲ. ರಾಜಿಯಲ್ಲಿ ಮುಖ ಉಳಿಸುವ ಭರದಲ್ಲಿ ಲೆಕ್ಕ ಮುಳುಗಿಹೋದ ಉದಾಹರಣೆಗಳು ಬೇಕಷ್ಟಿವೆ. ಇಲ್ಲಿ ಹಾಗಾಗದಿರಲು ಕಾರಣ, ಹಿರಿಯರ ಮುಂದೆ ಮಾತಿಗಿಂತ ಮೊದಲು ಪುಸ್ತಕವಿತ್ತು. ಮೊತ್ತದ ಬಗ್ಗೆ ವಾದವೇ ಏಳಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ನಿರ್ಧಾರ ಬಾಕಿಯಿತ್ತು: ಕೌಂಟಿಗೆ ತಿಳಿಸಬೇಕೇ? ನಾವು ಕೇಳಿದ ವಕೀಲರ ಅಭಿಪ್ರಾಯ ಹೀಗಿತ್ತು: ಬಳಸಿದ್ದು ಇದ್ದಿರ್ ಹಣವೇ ಹೊರತು ಸರ್ಕಾರಿ ಹಣವಲ್ಲ, ಆದ್ದರಿಂದ ಅನುದಾನದ ದುರುಪಯೋಗ ಆಗಿಲ್ಲ, ಆದರೆ ಬೇರೆಯವರ ಹಣವನ್ನು ಸ್ವಂತ ಆದಾಯವೆಂದು ತೋರಿಸಿದ್ದು ತಪ್ಪು, ಅದು ಹೊಣೆಯಾಗಿ ದಾಖಲಾಗಬೇಕಿತ್ತು, ಹಿಂದಿನ ಫಾರಂಗಳನ್ನು ತಿದ್ದಬೇಕು. ಸದಸ್ಯರ ಪರಸ್ಪರ ನೆರವಿನ ನಿಧಿಯನ್ನು ದತ್ತಿ ಸಂಸ್ಥೆಯೊಳಗೆ ಇಟ್ಟುಕೊಳ್ಳುವುದೂ ಸರಿಯಲ್ಲ.

ಗಾಶೆ ಹೇಳಬಾರದೆಂದರು. ಗುತ್ತಿಗೆ ಹೋಗುತ್ತದೆ, ಒಂಬತ್ತು ಜನ ಬೀದಿಗೆ ಬೀಳುತ್ತಾರೆ, ‘ಇವರ ಕೈಗೆ ಹಣ ಕೊಡಬಾರದು’ ಎಂಬ ಮಾತು ಇಡೀ ಸಮುದಾಯದ ಮೇಲೆ ಬರುತ್ತದೆ ಎಂಬುದು ಅವರ ವಾದ. ಒಬ್ಬ ವಲಸಿಗ ನಾಯಕ ಎಡವಿದರೆ ಅಪವಾದ ಸಮುದಾಯದ ಹೆಸರಿಗೆ ಅಂಟುತ್ತದೆ ಎಂಬ ಭಯ ಕಾಲ್ಪನಿಕವಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಿನ್ನೆಸೋಟಾದಲ್ಲಿ ಮಕ್ಕಳ ಊಟದ ಯೋಜನೆಯ ಸುಮಾರು 25 ಕೋಟಿ ಡಾಲರ್ ವಂಚನೆಯ ಆರೋಪಪಟ್ಟಿ ಹೊರಬಿದ್ದಾಗ, ಅದಕ್ಕೆ ಸಂಬಂಧವೇ ಇಲ್ಲದ ಪೂರ್ವ ಆಫ್ರಿಕನ್ ಸಂಸ್ಥೆಗಳೂ ಅನುಮಾನದ ದೃಷ್ಟಿ ಎದುರಿಸಬೇಕಾಯಿತು.

ಹೇಳಲೇಬೇಕೆಂದು ಹಟ ಹಿಡಿದವರು ಬಾಡಿಗೆ ನೆರವಿನ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ, ಇಲ್ಲೇ ಹುಟ್ಟಿ ಬೆಳೆದ, ಮೂವತ್ತರ ಯುವತಿ. ಕೌಂಟಿಯವರು ತಾವಾಗಿ ಕಂಡುಹಿಡಿಯುವ ದಿನಕ್ಕೂ ನಾವೇ ಹೋಗಿ ಹೇಳುವ ದಿನಕ್ಕೂ ವ್ಯತ್ಯಾಸವಿದೆ ಎಂಬುದು ಅವರ ಮಾತು. ಆದರೆ ಅವರು ಒಬ್ಬರೇ ಹೋಗಲಿಲ್ಲ, ಗಾಶೆಯವರನ್ನು ಬಿಟ್ಟೂ ಹೋಗಲಿಲ್ಲ. ತಪ್ಪೊಪ್ಪಿಗೆಯ ಪತ್ರದ ಬದಲು ಎರಡು ಹಾಳೆಯ ನಗದು ಹರಿವಿನ ಪಟ್ಟಿ ಮಾಡಿದರು: ಯಾವ ದಿನ ಸಂಬಳ, ಯಾವ ದಿನ ಬೇಡಿಕೆ ಸಲ್ಲಿಕೆ, ಯಾವ ದಿನ ಕೌಂಟಿಯ ಪಾವತಿ, ನಡುವಿನ ಕಂದರ ಎಷ್ಟು ಡಾಲರ್. ಇಂಗ್ಲಿಷ್ ಪಟ್ಟಿಯನ್ನು ಗಾಶೆಯವರ ಜೊತೆ ಅಂಹಾರಿಕ್‌ನಲ್ಲಿ ಮೂರು ಸಂಜೆ ಓದಿದರು. ಕೊನೆಗೆ ಗಾಶೆಯವರೇ ಕೌಂಟಿ ಕಚೇರಿಯಲ್ಲಿ ಅದನ್ನು ವಿವರಿಸಿದರು.

ಗುತ್ತಿಗೆ ರದ್ದಾಗಲಿಲ್ಲ. ಅಧಿಕಾರಿ ಆ ಹಾಳೆಯನ್ನು ನೋಡಿ, ಒಂದು ತಿಂಗಳ ಖರ್ಚನ್ನು ಮುಂಗಡವಾಗಿ ಕೊಡುವ ಅವಕಾಶ ನಿಯಮದಲ್ಲೇ ಇದೆ ಎಂದರಂತೆ. ಎಲ್ಲರೂ ಅದನ್ನು ಮೊದಲ ಬಾರಿ ಕೇಳಿದ್ದು ಅಂದೇ. ಜೊತೆಗೆ ತಿಂಗಳಿಗೊಮ್ಮೆ ತಪಾಸಣೆ ಎಂಬ ಷರತ್ತು ಬಂತು. ಆ ತಪಾಸಣೆಗೆ ಕಾಗದ ಹೊಂದಿಸುವ ಕೆಲಸ ಒಬ್ಬರ ವಾರದ ಒಂದು ದಿನವನ್ನು ಇಂದಿಗೂ ತಿನ್ನುತ್ತದೆ.

ಮಾರ್ಚಿನ ಮಹಾಸಭೆ ಐದು ಗಂಟೆ ನಡೆಯಿತು. ಗಾಶೆ ಎದ್ದು ನಿಂತು ಕ್ಷಮೆ ಕೇಳಿದರು. ಕೂಗಾಟ ಆಯಿತು, ಅಳು ಆಯಿತು, ಸತ್ತವರ ತಮ್ಮ ಎದ್ದು ಹೊರಗೆ ಹೋದರು. ಹಿರಿಯರು ತಂದ ಒಪ್ಪಂದದ ಪ್ರಕಾರ ಗಾಶೆ ಅಧ್ಯಕ್ಷ ಸ್ಥಾನವನ್ನು ಅಂದೇ ಬಿಟ್ಟರು, ನಿರ್ದೇಶಕರಾಗಿ ವರ್ಷದ ಕೊನೆಯವರೆಗೆ ಇರುವುದೆಂದಾಯಿತು. ಇದ್ದಿರ್ ಪ್ರತ್ಯೇಕವಾಗಿ ನೋಂದಣಿಯಾಗಿ, ತನ್ನದೇ ತೆರಿಗೆ ಸಂಖ್ಯೆ ಪಡೆದು, ಮೂವರ ರುಜುವಿನ ಖಾತೆ ತೆರೆಯಿತು. ಇದ್ದಿರ್ ಹಣವನ್ನು ಯಾರಿಗೂ, ಸಂಸ್ಥೆಗೂ ಸಹ, ಸಾಲವಾಗಿ ಕೊಡಬಾರದು, ಬದಲಿಸಬೇಕಾದರೆ ಮಹಾಸಭೆಯ ಬಹುಮತ ಬೇಕು ಎಂಬ ನಿಯಮ ಬರೆದರು. 54,460 ಡಾಲರ್ ಎರಡು ಕಂತಿನಲ್ಲಿ ಜೂನ್ ಹೊತ್ತಿಗೆ ಮರಳಿತು.

ಹೆಚ್ಚು ಫಲ ಕೊಟ್ಟ ನಿರ್ಧಾರ ಇವಾವುವೂ ಅಲ್ಲ. ಎತಿಯೆಯವರನ್ನು ಸಂಸ್ಥೆಯ ಹಣಕಾಸು ಸಮಿತಿಗೆ ಕರೆದದ್ದು. ಅವರಿಗೆ ಇಂಗ್ಲಿಷ್ ಕಷ್ಟ, ಅನುದಾನದ ನಿಯಮಗಳು ಗೊತ್ತಿಲ್ಲ ಎಂದು ನಮ್ಮ ತಂಡದಲ್ಲೇ ಆಕ್ಷೇಪವಿತ್ತು. ಅವರು ಬಂದ ಮೊದಲ ತಿಂಗಳು ನಮ್ಮ ಹನ್ನೆರಡು ಪುಟದ ವರದಿಯನ್ನು ಪಕ್ಕಕ್ಕಿಟ್ಟು ಒಂದು ಪುಟ ಕೇಳಿದರು: ಬ್ಯಾಂಕಿನಲ್ಲಿರುವುದು ಎಷ್ಟು, ಅದರಲ್ಲಿ ಯಾರದು ಎಷ್ಟು, ಯಾವ ದಿನ ಯಾರಿಗೆ ಕೊಡಬೇಕು. ‘ಯಾರದು’ ಎಂಬ ಅಂಕಣ ನಮ್ಮ ವರದಿಯಲ್ಲಿ ಇರಲೇ ಇಲ್ಲ. ಲಸಿಕೆಯ ಅನುದಾನದ ಹಣವನ್ನು ಬಾಡಿಗೆ ಕಾರ್ಯಕ್ರಮಕ್ಕೆ ಏಕೆ ಬಳಸಬಾರದೆಂದು ಎರಡು ಶನಿವಾರದ ತರಬೇತಿಯಲ್ಲಿ ಅರ್ಥವಾಗದ ಮಂಡಳಿಗೆ, ‘ಸಾವಿನ ದುಡ್ಡಲ್ಲಿ ಮದುವೆ ಮಾಡ್ತೀರಾ?’ ಎಂಬ ಅವರ ಒಂದು ಪ್ರಶ್ನೆ ಸಾಕಾಯಿತು. ನಾವೆಲ್ಲ ಆ ಸಮುದಾಯಕ್ಕೆ ಆಡಳಿತದ ಶಿಸ್ತು ಕಲಿಸಲು ಹೋಗಿದ್ದೆವು. ಆ ಶಿಸ್ತು ನೆಲಮಾಳಿಗೆಯಲ್ಲಿ ಪ್ರತಿ ತಿಂಗಳು ನಡೆಯುತ್ತಿತ್ತು, ದಂಡ ಸಮೇತ. ಮೇಲಿನ ಮಹಡಿಗೆ ಅದನ್ನು ಕರೆಯುವವರು ಇರಲಿಲ್ಲ, ಏಕೆಂದರೆ ಮೇಲಿನದು ‘ಅಮೆರಿಕನ್’ ವ್ಯವಹಾರ, ಅದಕ್ಕೆ ಬೇರೆಯೇ ವಿದ್ಯೆ ಬೇಕೆಂದು ಅವರೂ ನಂಬಿದ್ದರು, ನಾವೂ ನಂಬಿಸಿದ್ದೆವು.

ಆನಂತರ

2023ರ ಜನವರಿಯಲ್ಲಿ ಆ ಯುವತಿ ನಿರ್ದೇಶಕಿಯಾದರು. ಸುಲಭವಾಗಲಿಲ್ಲ. ಗಾಶೆ ಪ್ರತಿದಿನ ಬೆಳಿಗ್ಗೆ ಬಂದು ಮುಂಭಾಗದ ಕುರ್ಚಿಯಲ್ಲಿ ಕೂರುತ್ತಿದ್ದರು. ಬಂದವರು ಅವರ ಮುಂದೆಯೇ ಪತ್ರ ಚಾಚುತ್ತಿದ್ದರು. ಬರಬೇಡಿ ಎನ್ನಲು ಹೊಸ ನಿರ್ದೇಶಕಿಗೆ ಬಾಯಿ ಬರಲಿಲ್ಲ, ಹೇಳಿದ್ದರೆ ಅರ್ಧ ಜನ ಬರುವುದನ್ನು ಬಿಡುತ್ತಿದ್ದರು. ಕೊನೆಗೆ ಅವರಿಗೆ ವಾರಕ್ಕೆ ಎರಡು ದಿನ ಪತ್ರ ಓದುವ ಕೆಲಸವನ್ನೇ ಕೊಟ್ಟರು, ಸಂಬಳವಿಲ್ಲದೆ, ಚೆಕ್ ಪುಸ್ತಕವಿಲ್ಲದೆ. ಸ್ಥಾಪಕರನ್ನು ಗೌರವದಿಂದ ಬೀಳ್ಕೊಡಬೇಕು ಎನ್ನುವ ಸಲಹೆಗಾರರು, ಬೀಳ್ಕೊಟ್ಟ ಮೇಲೆ ಅವರು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುವುದಿಲ್ಲ. ಬಿಟ್ಟು ಹೋದ 22 ಕುಟುಂಬಗಳು ಮರಳಲಿಲ್ಲ. ಟಿಗ್ರಾಯ್ ಯುದ್ಧ ನಿಲ್ಲಿಸಲು 2022ರ ನವೆಂಬರಿನಲ್ಲಿ ಆದ ಪ್ರಿಟೋರಿಯಾ ಒಪ್ಪಂದದ ನಂತರವೂ ಇಲ್ಲ. ಪರೋಕ್ಷ ವೆಚ್ಚವನ್ನು ಕೇಳಿ ಪಡೆಯಲು ಶುರುಮಾಡಿದ್ದರಿಂದ ಸಂಸ್ಥೆಯ ಕೈಯಲ್ಲಿ ಮೊದಲ ಬಾರಿಗೆ 18,000 ಡಾಲರ್ ಸ್ವಂತ ಉಳಿತಾಯ ನಿಂತಿತು.

2023ರ ಸೆಪ್ಟೆಂಬರಿನಲ್ಲಿ ಕೌಂಟಿಯ ಪಾವತಿ ಮತ್ತೆ ತಡವಾಯಿತು; ಮುಂಗಡವೂ ಉಳಿತಾಯವೂ ಮುಗಿದು 12,000 ಡಾಲರ್ ಕೊರತೆ ಬಿತ್ತು. ಬ್ಯಾಂಕು ಪರಿಶೋಧಿತ ಲೆಕ್ಕವಿಲ್ಲವೆಂದು ಸಾಲ ಕೊಡಲಿಲ್ಲ. ಹೊಸ ನಿರ್ದೇಶಕಿ ಇದ್ದಿರ್‌ಗೆ ಲಿಖಿತ ಅರ್ಜಿ ಕೊಟ್ಟರು: ಮೂರು ವಾರಕ್ಕೆ ಕೈಗಡ, ಕೌಂಟಿಯ ಪಾವತಿ ಪತ್ರವೇ ಆಧಾರ. ಅವರು ಕೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಮಹಾಸಭೆಯಲ್ಲಿ 118 ಕುಟುಂಬಗಳ ಪೈಕಿ 99 ಹಾಜರಿದ್ದವು. ಕೊಡಬಾರದು ಎಂದು 61 ಮತ, ಕೊಡಬಹುದು ಎಂದು 37. ಗಾಶೆ ಯಾವ ಕಡೆಗೂ ಕೈ ಎತ್ತಲಿಲ್ಲ. ಸಂಬಳ ಒಂಬತ್ತು ದಿನ ತಡವಾಯಿತು, ಇಬ್ಬರು ನೌಕರರು ಬೇರೆ ಕೆಲಸ ಹುಡುಕಿಕೊಂಡರು. ಎತಿಯೆ ಅರ್ಜಿಯನ್ನೂ ಮತಗಳನ್ನೂ ಕಿರ್ದಿಯಲ್ಲಿ ಮೆಸ್ಕೆರೆಮ್ ತಿಂಗಳು 2016ರ ತಾರೀಖಿನಡಿ ಬರೆದು, ಗೈರುಹಾಜರಾದ 19 ಮನೆಗಳ ಹೆಸರಿಗೆ ತಲಾ 10 ಡಾಲರ್ ದಂಡ ಹಾಕಿದರು.